ಹುಬ್ಬಳ್ಳಿಯಿಂದ ಮೂರು ದಾರಿ: ಕುರಿ, ಕಂಬಳಿ, ಎಮ್ಮೆ

ಸಂಕ್ರಮಣ ಕಳೆದು ಹೊಲಗಳಲ್ಲಿ ಕಡಲೆ ಕೀಳುವ ಕಾಲಕ್ಕೆ ಹುಬ್ಬಳ್ಳಿಯಿಂದ ನವಲಗುಂದದ ಕಡೆಗೋ ಅಣ್ಣಿಗೇರಿಯ ಕಡೆಗೋ ಬಸ್ಸಿನಲ್ಲಿ ಹೊರಟವರಿಗೆ ಒಂದು ನೋಟ ತಪ್ಪದೆ ಸಿಗುತ್ತದೆ. ಬರಿದಾದ ಎರೆಹೊಲದ ಮೇಲೆ ಮೋಡದ ನೆರಳಿನ ಹಾಗೆ ನಿಧಾನವಾಗಿ ಸರಿಯುವ ಕುರಿಹಿಂಡು. ಹಿಂಡಿನ ಮುಂದೆ ಹೆಗಲ ಮೇಲೆ ಕಂಬಳಿ ಹೊತ್ತ ಒಬ್ಬ, ಹಿಂದೆ ಕೋಲು ಹಿಡಿದ ಇನ್ನೊಬ್ಬ, ಬದಿಯಲ್ಲಿ ನಾಲಿಗೆ ಚಾಚಿ ಓಡುವ ಎರಡು ನಾಯಿ. ಅವರ ಬಿಡಾರ ಅಲ್ಲೇ ಎಲ್ಲೋ ಬೇವಿನ ಗಿಡದ ಕೆಳಗೆ ಇರುತ್ತದೆ. ಮೂರು ಕಲ್ಲಿನ ಒಲೆ, ನೀರಿನ ಕೊಡ, ಎಳೆಯ ಮರಿಗಳನ್ನು ಮುಚ್ಚಿಡುವ ಬುಟ್ಟಿ, ಪಕ್ಕದಲ್ಲಿ ಕಾಲಿಗೆ ಹಗ್ಗ ಕಟ್ಟಿಸಿಕೊಂಡು ಮೇಯುವ ಒಂದು ಹೇರಿನ ಕುದುರೆ. ಬಸ್ಸು ಮುಂದಕ್ಕೆ ಹೋಗುತ್ತದೆ. ಕಿಟಕಿಯ ಬಳಿ ಕುಳಿತ ಶಾಲೆಯ ಹುಡುಗ ಮತ್ತೆ ಪುಸ್ತಕಕ್ಕೋ ಮೊಬೈಲಿಗೋ ತಲೆ ತಗ್ಗಿಸುತ್ತಾನೆ.

ಆ ಹುಡುಗನ ಭೂಗೋಳದ ಪುಸ್ತಕದಲ್ಲಿ ಅಲೆಮಾರಿ ಪಶುಪಾಲಕರ ಒಂದು ಪಾಠ ಇದ್ದೇ ಇರುತ್ತದೆ. ಅದರಲ್ಲಿ ಮಧ್ಯ ಏಷ್ಯಾದ ಹುಲ್ಲುಗಾವಲು, ಕಜಾಕ್ ಜನ, ಕುದುರೆ, ಉಣ್ಣೆಯ ಗುಂಡು ಮನೆ ಎಲ್ಲ ಬರುತ್ತವೆ. ಪರೀಕ್ಷೆಗೆ ಅವನು ಅದನ್ನು ಬಾಯಿಪಾಠ ಮಾಡುತ್ತಾನೆ. ಆದರೆ ಆ ಪಾಠದ ಒಂದು ಪುಟ ಕಿಟಕಿಯ ಆಚೆಗೆ ಈಗಷ್ಟೇ ಹಾದುಹೋಯಿತೆಂದು ಅವನಿಗೆ ಹೇಳುವವರು ಯಾರು? ಕಜಾಕರ ಕಥೆಯನ್ನು ಒಂದು ಕೈಯಲ್ಲಿ ಹಿಡಿದುಕೊಂಡು, ನಮ್ಮ ಹುಬ್ಬಳ್ಳಿ–ಧಾರವಾಡದ ಸುತ್ತಲಿನ ಮೂರು ದಾರಿಗಳಲ್ಲಿ ಒಂದು ಸುತ್ತು ಹಾಕಿ ಬರೋಣ.

ದೂರದ ಹುಲ್ಲುಗಾವಲು

ಕಜಾಕಸ್ತಾನ ಇಂದು ನಮ್ಮ ಮನೆಗಳಿಗೆ ಅಪರಿಚಿತ ಹೆಸರಲ್ಲ. ವೈದ್ಯಕೀಯ ಓದಲು ನಮ್ಮ ದೇಶದ ಸಾವಿರಾರು ವಿದ್ಯಾರ್ಥಿಗಳು ಅಲ್ಮಾಟಿ, ಕರಗಂಡಾ ನಗರಗಳಿಗೆ ಹೋಗುತ್ತಾರೆ. ವಿಸ್ತಾರದಲ್ಲಿ ಅದು ಜಗತ್ತಿನ ಒಂಬತ್ತನೆಯ ದೊಡ್ಡ ದೇಶ. ಸೋವಿಯತ್ ಒಕ್ಕೂಟದಿಂದ 1991ರ ಡಿಸೆಂಬರ್‌ನಲ್ಲಿ ಅದು ಸ್ವತಂತ್ರವಾಯಿತು.

ಕಜಾಕರು ಶತಮಾನಗಳ ಕಾಲ ಕುರಿ, ಕುದುರೆ, ಒಂಟೆ, ದನ ಎಂಬ ನಾಲ್ಕು ಬಗೆಯ ಜಾನುವಾರುಗಳನ್ನು ನಂಬಿ ಬದುಕಿದವರು. ಬೇಸಿಗೆಗೊಂದು ಮೇವಿನ ನೆಲ, ಚಳಿಗಾಲಕ್ಕೊಂದು. ಅವರ ಮನೆ ಮರದ ಜಾಲರಿಯ ಮೇಲೆ ತಟ್ಟಿದ ಉಣ್ಣೆಯ ಹೊದಿಕೆ ಹೊದಿಸಿದ ಗುಂಡು ಬಿಡಾರ. ಅವರ ಭಾಷೆಯಲ್ಲಿ ಅದರ ಹೆಸರಿಗೆ ‘ಉಣ್ಣೆಯ ಮನೆ’ ಎಂದೇ ಅರ್ಥ. ಬಿಚ್ಚಿ, ಒಂಟೆಯ ಮೇಲೆ ಹೇರಿ, ಇನ್ನೊಂದು ಕಡೆ ಮತ್ತೆ ಕಟ್ಟಬಹುದು. ಮನೆಯ ನೆತ್ತಿಯ ಮೇಲಿನ ಮರದ ಚಕ್ರಕ್ಕೆ ಶಾನಿರಾಕ್ ಎನ್ನುತ್ತಾರೆ. ಹೊಗೆ ಹೋಗುವುದೂ ಬೆಳಕು ಬರುವುದೂ ಅಲ್ಲಿಂದಲೇ. ತಂದೆಯಿಂದ ಮಗನಿಗೆ ಇಳಿದು ಬರುವ ವಸ್ತುವದು. ಇಂದು ಆ ದೇಶದ ಲಾಂಛನದ ನಡುವೆ ಇರುವುದೂ ಅದೇ ಚಕ್ರ.

ಆ ಬದುಕು ತಾನಾಗಿ ಬದಲಾಗಲಿಲ್ಲ, ಮುರಿಯಲ್ಪಟ್ಟಿತು. 1920ರ ದಶಕದ ಕೊನೆಗೆ ಸೋವಿಯತ್ ಸರಕಾರ ಅಲೆಮಾರಿಗಳನ್ನು ಒತ್ತಾಯದಿಂದ ಒಂದೆಡೆ ನೆಲೆ ನಿಲ್ಲಿಸಿ, ಅವರ ಜಾನುವಾರುಗಳನ್ನು ಸಾಮೂಹಿಕ ಕೃಷಿಗೆ ವಶಪಡಿಸಿಕೊಂಡಿತು. 1930ರಿಂದ 1933ರ ನಡುವೆ ಬಂದ ಘೋರ ಬರಗಾಲದಲ್ಲಿ ಸುಮಾರು 15 ಲಕ್ಷ ಜನ ಸತ್ತರು. ಅವರಲ್ಲಿ ಹೆಚ್ಚಿನವರು ಕಜಾಕರು. ಜಾನುವಾರುಗಳಲ್ಲಿ ಹತ್ತರಲ್ಲಿ ಒಂಬತ್ತು ಪಾಲು ನಾಶವಾದವು. 1954ರಿಂದ ಹುಲ್ಲುಗಾವಲನ್ನು ಉತ್ತು ಗೋಧಿ ಬಿತ್ತಲಾಯಿತು. ಮಾರ್ಚ್ 22ರ ಸುಮಾರಿಗೆ ಬರುವ ಅವರ ಹೊಸ ವರುಷದ ಹಬ್ಬ ನೌರಿಜ್ 1926ರಲ್ಲಿ ನಿಂತುಹೋಗಿ, ಮತ್ತೆ ಬಹಿರಂಗವಾಗಿ ನಡೆದದ್ದು 1988ರಲ್ಲಿ. ಬರೆಯುವ ಲಿಪಿಯಂತೂ ಅರಬ್ಬಿಯಿಂದ ಲ್ಯಾಟಿನ್‌ಗೆ, ಲ್ಯಾಟಿನ್‌ನಿಂದ 1940ರಲ್ಲಿ ರಷ್ಯನ್ ಅಕ್ಷರಗಳಿಗೆ ಬದಲಾಯಿತು. ಅಜ್ಜ ಬರೆದ ಕಾಗದವನ್ನು ಮೊಮ್ಮಗ ಓದಲಾಗದ ಸ್ಥಿತಿ.

ಇಷ್ಟಾದರೂ ಕೆಲವು ಉಳಿದವು. ತನ್ನ ಏಳು ತಲೆಮಾರಿನ ಹಿರಿಯರ ಹೆಸರು ಹೇಳಲು ಬರಬೇಕೆಂಬ ನಿಯಮ ಉಳಿಯಿತು. ಆ ಏಳು ತಲೆಮಾರಿನೊಳಗೆ ಮದುವೆ ಕೂಡದೆಂಬ ಕಟ್ಟಳೆಯೂ ಉಳಿಯಿತು. ದೋಂಬ್ರಾ ಎಂಬ ಎರಡು ತಂತಿಯ ವಾದ್ಯ ಹಿಡಿದು ಇಬ್ಬರು ಹಾಡುಗಾರರು ಎದುರುಬದುರು ಕುಳಿತು ಪದ ಕಟ್ಟಿ ಸವಾಲು ಹಾಕುವ ಐತಿಸ್ ಉಳಿಯಿತು. ಗುಂಡು ಮನೆ ಕಟ್ಟುವ ವಿದ್ಯೆಯನ್ನು 2014ರಲ್ಲಿ, ಐತಿಸನ್ನು 2015ರಲ್ಲಿ ಯುನೆಸ್ಕೋ ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಆದರೆ ಇಂದು ಬಹುಪಾಲು ಕಜಾಕರಿಗೆ ಆ ಮನೆ ಹಬ್ಬಕ್ಕೆ ಚೌಕದಲ್ಲಿ ಕಟ್ಟುವ ಮಂಟಪ. ಬೇಸಿಗೆಯ ಹುಲ್ಲುಗಾವಲಿನಲ್ಲಿ ಅದರೊಳಗೆ ಬಾಳುವವರು ಕೆಲವರಷ್ಟೇ.

ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಈಗ ನಮ್ಮ ದಾರಿಗೆ ಬರೋಣ.

ಮೂಡಣ ದಾರಿ: ಹಿಂಡು

ನವಲಗುಂದದ ಹೊಲದಲ್ಲಿ ಕಂಡ ಹಿಂಡು ಆ ಊರಿನದೇ ಆಗಿರಬೇಕೆಂದಿಲ್ಲ. ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ರಾಯಬಾಗ, ಗೋಕಾಕ ಕಡೆಯ ಕುರಿಗಾರರು ಪ್ರತಿವರ್ಷ ಮೇವು ಹುಡುಕುತ್ತ ತಿಂಗಳುಗಟ್ಟಲೆ ತಿರುಗುತ್ತಾರೆ. ಎರೆಭೂಮಿಯ ಜೋಳ, ಕಡಲೆ, ಹತ್ತಿಯ ಹೊಲಗಳು ಬರಿದಾದಾಗ ಅಲ್ಲಿ, ಮಲೆನಾಡಿನ ಸೆರಗಿನ ಭತ್ತದ ಗದ್ದೆಗಳು ಕೊಯ್ಲಾದಾಗ ಇಲ್ಲಿ. ಮಳೆ ಜೋರಾದರೆ ಬಯಲಿಗೆ ಹಿಂದಿರುಗುವುದು. ಈ ಸುತ್ತಾಟಕ್ಕೆ ನಕ್ಷೆ ಇಲ್ಲ, ಆದರೆ ಲೆಕ್ಕವಿದೆ. ಯಾವ ಊರಿನ ಯಾವ ಗೌಡರ ಹೊಲದಲ್ಲಿ ಯಾವ ವಾರ ಇಳಿಯಬೇಕೆಂಬುದು ಅಪ್ಪನಿಂದ ಮಗನಿಗೆ ಬಂದ ಲೆಕ್ಕ.

ರೈತನಿಗೂ ಇವರು ಬೇಕು. ರಾತ್ರಿ ಹಿಂಡನ್ನು ಹೊಲದಲ್ಲಿ ನಿಲ್ಲಿಸುವುದಕ್ಕೆ ನಮ್ಮ ಕಡೆ ‘ಕುರಿ ತರುಬಿಸುವುದು’ ಎನ್ನುತ್ತಾರೆ. ಹಿಕ್ಕೆಯೂ ಗಂಜಲವೂ ನೆಲಕ್ಕೆ ನೇರವಾಗಿ ಸೇರುತ್ತವೆ. ಗಾಡಿಯ ಖರ್ಚಿಲ್ಲ, ಹರಡುವ ಕೂಲಿಯಿಲ್ಲ. ಇದಕ್ಕೆ ಪ್ರತಿಯಾಗಿ ರೈತ ಹಿಂದೆ ಜೋಳ ಅಳೆಯುತ್ತಿದ್ದ, ಈಗ ಹೆಚ್ಚಾಗಿ ರೊಕ್ಕ ಕೊಡುತ್ತಾನೆ. ಹೊಲವಿಲ್ಲದವನು ಹೊಲವಿದ್ದವನಿಗೆ ಫಲವತ್ತತೆ ಮಾರುವ ಈ ವ್ಯಾಪಾರ ಎಷ್ಟು ಹಳೆಯದೆಂದು ಯಾರೂ ಬರೆದಿಟ್ಟಿಲ್ಲ. ಸಾವಯವ ಕೃಷಿಯ ಮಾತು ಪಟ್ಟಣದ ಸಭಾಂಗಣಗಳಲ್ಲಿ ಕೇಳಿಬರುವ ಎಷ್ಟೋ ಮೊದಲೇ ಅದು ಹೊಲದಲ್ಲಿ ನಡೆದಿತ್ತು.

ಕುರಿಗಾರನ ಬದುಕಿನಲ್ಲಿ ಕುರಿ ಬರೀ ಸಂಪತ್ತಲ್ಲ, ದೈವಕ್ಕೂ ಸಂಬಂಧಪಟ್ಟದ್ದು. ನಿಪ್ಪಾಣಿ ತಾಲ್ಲೂಕಿನ ಅಕ್ಕೋಳದಲ್ಲಿ 1892ರಲ್ಲಿ ಹುಟ್ಟಿದ ಬಾಳುಮಾಮ ಎಂಬ ಕುರಿಗಾಹಿ ಸಂತ 1966ರಲ್ಲಿ ಕೊಲ್ಲಾಪುರ ಜಿಲ್ಲೆಯ ಆದಮಾಪುರದಲ್ಲಿ ದೇಹ ಬಿಟ್ಟರು. ಅವರು ಕಾಯುತ್ತಿದ್ದ ಕುರಿಗಳ ಸಂತತಿ ಇಂದಿಗೂ ಅವರ ಹೆಸರಿನಲ್ಲಿ ಹಿಂಡುಹಿಂಡಾಗಿ ಗಡಿಯ ಎರಡೂ ಬದಿಯ ಊರುಗಳಲ್ಲಿ ತಿರುಗುತ್ತದೆ. ಆ ಹಿಂಡು ತಮ್ಮ ಹೊಲಕ್ಕೆ ಬಂದರೆ ರೈತರು ಆರತಿ ಎತ್ತಿ ಬರಮಾಡಿಕೊಳ್ಳುತ್ತಾರೆ.

2019ರ ಜಾನುವಾರು ಗಣತಿಯ ಪ್ರಕಾರ ಕರ್ನಾಟಕದಲ್ಲಿ ಸುಮಾರು 1 ಕೋಟಿ 11 ಲಕ್ಷ ಕುರಿಗಳಿವೆ. ತೆಲಂಗಾಣ, ಆಂಧ್ರಗಳ ನಂತರ ನಮ್ಮದೇ ಸ್ಥಾನ. ಹಾಗಾದರೆ ಕುರಿಗಾರಿಕೆ ಚೆನ್ನಾಗಿಯೇ ಇದೆಯಲ್ಲ ಎಂದು ನೀವು ಕೇಳಬಹುದು. ಕುರಿ ಇದೆ, ದಾರಿ ಸಣ್ಣದಾಗುತ್ತಿದೆ. ಮಲಪ್ರಭೆಯ ಕಾಲುವೆ ಬಂದ ಕಡೆ ಹೊಲಗಳು ಎರಡು ಬೆಳೆಗೆ ತಿರುಗಿದವು, ಬರಿದಾಗಿ ಬಿದ್ದಿರುವ ದಿನಗಳು ಕಡಿಮೆಯಾದವು. ಗೋಮಾಳಗಳು ಸೈಟುಗಳಾದವು, ಕಾರ್ಖಾನೆಗಳಾದವು. ಹಿಂಡು ದಾಟುತ್ತಿದ್ದ ರಸ್ತೆ ಅಗಲವಾಗಿ, ನಡುವೆ ಗೋಡೆ ಎದ್ದಿತು. ಮುನ್ನೂರು ಕುರಿಗಳನ್ನು ವೇಗದ ಲಾರಿಗಳ ನಡುವೆ ದಾಟಿಸುವುದೆಂದರೆ ಏನೆಂದು ಹೆದ್ದಾರಿಯ ಅಂಚಿನಲ್ಲಿ ಹತ್ತು ನಿಮಿಷ ನಿಂತರೆ ತಿಳಿಯುತ್ತದೆ. ಈಗ ಅನುಕೂಲವಿದ್ದವರು ಹಿಂಡನ್ನು ಟೆಂಪೋದಲ್ಲಿ ಹೇರಿ ಸಾಗಿಸುತ್ತಾರೆ. ಮುಂದಿನ ಊರಿನಲ್ಲಿ ಮೇವಿದೆಯೇ ಎಂದು ಮೊಬೈಲಿನಲ್ಲಿ ವಿಚಾರಿಸುತ್ತಾರೆ. ಬಿಡಾರದ ಬಳಿ ಕುದುರೆಯ ಜಾಗದಲ್ಲಿ ಮೋಟಾರ್ ಸೈಕಲ್ಲು ನಿಂತಿರುವುದೂ ಉಂಟು.

ತೆಂಕಣ ದಾರಿ: ಕಂಬಳಿ

ಎರಡನೆಯ ದಾರಿ ಹಾವೇರಿಯ ಕಡೆಗೆ. ಶಿಗ್ಗಾವಿ ತಾಲ್ಲೂಕಿನ ಬಾಡ ಕನಕದಾಸರು ಹುಟ್ಟಿದ ಊರು, ಬ್ಯಾಡಗಿ ತಾಲ್ಲೂಕಿನ ಕಾಗಿನೆಲೆ ಅವರ ಆದಿಕೇಶವನ ಊರು. ಹದಿನಾರನೆಯ ಶತಮಾನದ ಈ ದಾಸರ ಚಿತ್ರವನ್ನು ಕಣ್ಣೆದುರು ತಂದುಕೊಳ್ಳಿ. ಹೆಗಲ ಮೇಲಿನ ಕಂಬಳಿಯಿಲ್ಲದೆ ಅದು ಪೂರ್ತಿಯಾಗುವುದೇ ಇಲ್ಲ.

ಕಜಾಕರಿಗೆ ತಟ್ಟಿದ ಉಣ್ಣೆ ಹೇಗೋ ಹಾಲುಮತದವರಿಗೆ ಕಂಬಳಿ ಹಾಗೆ. ದಖ್ಖನಿ ಕುರಿಯ ಕರಿಯ ಒರಟು ಉಣ್ಣೆಯನ್ನು ವರ್ಷಕ್ಕೆ ಎರಡು ಸಲ ಕತ್ತರಿಸುತ್ತಾರೆ. ಹೆಂಗಸರು ಅದನ್ನು ಹಿಂಜಿ ನೂಲುತ್ತಾರೆ, ಗಂಡಸರು ಕುಣಿಮಗ್ಗದಲ್ಲಿ ನೇಯುತ್ತಾರೆ. ನೂಲಿಗೆ ಹುಣಸೆ ಬೀಜದ ಗಂಜಿ ಹಚ್ಚಿ ಬಿಸಿಲಿಗೆ ಎಳೆದು ಕಟ್ಟುತ್ತಾರೆ. ಹೀಗೆ ಆದ ಕಂಬಳಿ ಮಳೆಯಲ್ಲಿ ಕೊಪ್ಪೆ, ಚಳಿಯಲ್ಲಿ ಹೊದಿಕೆ, ಬಿಸಿಲಲ್ಲಿ ನೆರಳು, ಸಂತೆಯಲ್ಲಿ ಚೀಲ, ಮಗುವಿಗೆ ತೊಟ್ಟಿಲು. ಮದುವೆಯಲ್ಲಿ, ದೇವರ ಕಾರ್ಯದಲ್ಲಿ ಹಾಸುವ ಗದ್ದಿಗೆಯೂ ಅದೇ. ಕುರುಬರಲ್ಲಿ ಮದುವೆಯ ಕಂಕಣ ಹತ್ತಿಯ ನೂಲಿನದೋ ಉಣ್ಣೆಯ ನೂಲಿನದೋ ಎಂಬುದರ ಮೇಲೆ ‘ಹತ್ತಿ ಕಂಕಣ’, ‘ಉಣ್ಣೆ ಕಂಕಣ’ ಎಂಬ ಒಳಪಂಗಡಗಳೇ ಇವೆ. ಒಂದು ಎಳೆ ನೂಲು ಒಂದು ಕುಲದ ಹೆಸರಾಗಿ ನಿಂತಿದೆ.

ಏಳು ತಲೆಮಾರಿನ ಹೆಸರು ಹೇಳುವ ಕಜಾಕರ ನಿಯಮ ಕೇಳಿದಾಗ ನಮ್ಮವರಿಗೆ ಆಶ್ಚರ್ಯವಾಗಬೇಕಾಗಿಲ್ಲ. ಕುರುಬರಲ್ಲಿ ಬೆಡಗುಗಳಿವೆ, ಒಂದೇ ಬೆಡಗಿನೊಳಗೆ ಹೆಣ್ಣು ಕೊಟ್ಟು ತರುವುದಿಲ್ಲ. ಇನ್ನು ವಂಶದ ಹೆಸರುಗಳನ್ನು ನೆನಪಿಡಲು ನಮ್ಮ ಉತ್ತರ ಕರ್ನಾಟಕದಲ್ಲಿ ಹೆಳವರೆಂಬ ಒಂದು ಸಮುದಾಯವೇ ಇದೆ. ಎತ್ತಿನ ಮೇಲೆ ಬಂದು, ಮನೆಯ ಮುಂದೆ ನಿಂತು, ಮನೆತನದ ಮೂಲ ಯಾವ ಊರು, ಯಾವ ಅಜ್ಜನಿಗೆ ಎಷ್ಟು ಮಕ್ಕಳು, ಯಾರು ಎಲ್ಲಿಗೆ ವಲಸೆ ಹೋದರು ಎಂದೆಲ್ಲ ಹಾಡಿನ ಧಾಟಿಯಲ್ಲಿ ಹೇಳಿ ಕಾಳು ಪಡೆದು ಹೋಗುತ್ತಿದ್ದರು. ಈಗ ಅವರು ಬರುವುದು ಅಪರೂಪವಾಗಿದೆ. ಬಂದರೂ ಬಾಗಿಲಲ್ಲಿ ನಿಂತು ಕೇಳುವ ಪುರುಸೊತ್ತು ನಮಗಿಲ್ಲ.

ಐತಿಸಿನ ಸವಾಲು–ಜವಾಬನ್ನೂ ನಾವು ಬಲ್ಲೆವು. ಬೀರಲಿಂಗೇಶ್ವರನ ಜಾತ್ರೆಗಳಲ್ಲಿ ಎರಡು ಮೇಳಗಳು ಎದುರುಬದುರು ನಿಂತು ಡೊಳ್ಳಿನ ಪದ ಹಾಡುತ್ತವೆ. ಒಬ್ಬರು ಪುರಾಣದ ಒಗಟು ಒಡ್ಡಿದರೆ ಇನ್ನೊಬ್ಬರು ಪದದಲ್ಲೇ ಬಿಡಿಸಬೇಕು. ರಾತ್ರಿ ಬೆಳಗಾಗುವುದು ಗೊತ್ತಾಗುವುದಿಲ್ಲ. ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಕಂಬಳಿ ತೊಟ್ಟ ಗೊರವಯ್ಯ ಎತ್ತರದ ಬಿಲ್ಲನ್ನೇರಿ ಒಂದೇ ವಾಕ್ಯದ ಕಾರಣಿಕ ನುಡಿಯುತ್ತಾನೆ. ಆ ವಾಕ್ಯದಲ್ಲಿ ಮಳೆ ಬೆಳೆಯ ಭವಿಷ್ಯ ಹುಡುಕಲು ಲಕ್ಷಾಂತರ ಜನ ಸೇರುತ್ತಾರೆ. ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡದಲ್ಲೂ ಇಂಥದೇ ಕಾರಣಿಕವಿದೆ. ಈ ಆಚರಣೆಗಳಿಗೆ ಇಂದಿಗೂ ಜನ ಕಡಿಮೆಯಾಗಿಲ್ಲ.

ಕಡಿಮೆಯಾಗಿರುವುದು ಕಂಬಳಿ. ಉಣ್ಣೆಗೆ ಬೆಲೆಯಿಲ್ಲ. ಎಷ್ಟೋ ಕಡೆ ಕತ್ತರಿಸಿದ ಕೂಲಿಯೂ ಹುಟ್ಟದೆ ಉಣ್ಣೆಯನ್ನು ಬದುವಿಗೆ ಎಸೆಯುತ್ತಾರೆ. ಗಿರಣಿಯ ಚಾದರ, ಪ್ಲಾಸ್ಟಿಕ್ ಕೊಪ್ಪೆ ಅಗ್ಗವಾಗಿ ಸಿಗುವಾಗ ತೂಕದ ಕಂಬಳಿಯನ್ನು ಕೊಳ್ಳುವವರು ಯಾರು? ಮಾಂಸಕ್ಕೆ ಬೆಲೆ ಏರಿದ್ದರಿಂದ ಕುರಿಗಾರರು ಉಣ್ಣೆಯ ದಖ್ಖನಿ ಕುರಿ ಬಿಟ್ಟು, ಬೇಗ ತೂಕ ಬರುವ, ರಾಯಚೂರು–ಕೊಪ್ಪಳ ಕಡೆಯ ಕೆಂಗುರಿಯಂಥ ಕೂದಲಿನ ತಳಿಗಳನ್ನು ಕಟ್ಟುತ್ತಿದ್ದಾರೆ. ಲೆಕ್ಕ ಸರಿಯಾಗಿಯೇ ಇದೆ, ಅವರನ್ನು ದೂಷಿಸುವಂತಿಲ್ಲ. ಆದರೆ ದೂರ ನಡೆಯುವ, ಬರ ತಾಳುವ, ಮಳೆಗೂ ಚಳಿಗೂ ಜಗ್ಗದ ಕರಿಕುರಿ ಕಡಿಮೆಯಾದರೆ ಅದರ ಜೊತೆಗೆ ನೂಲುವ ಕೈ, ನೇಯುವ ಮಗ್ಗ, ಉಣ್ಣೆಯ ಕಂಕಣ ಎಲ್ಲವೂ ಒಂದೊಂದಾಗಿ ಸಡಿಲಾಗುತ್ತವೆ. ಹೀಗೆ ಒಂದು ಸಂಪ್ರದಾಯ ಮರೆಯಾಗಲು ಯಾರೂ ಅದನ್ನು ನಿಷೇಧಿಸಬೇಕಾಗಿಲ್ಲ. ಸಂತೆಯ ದರ ಸಾಕು.

ಇದೇ ಹೆದ್ದಾರಿಯ ಮೇಲೆ ಶಿಗ್ಗಾವಿಗೆ ಸಮೀಪದ ಗೊಟಗೋಡಿಯಲ್ಲಿ ಎರಡು ನೋಡತಕ್ಕ ಸ್ಥಳಗಳಿವೆ. ಒಂದು, ಕಲಾವಿದ ಟಿ. ಬಿ. ಸೊಲಬಕ್ಕನವರ ಅವರು ರೂಪಿಸಿದ ಉತ್ಸವ ರಾಕ್ ಗಾರ್ಡನ್. ಹಳ್ಳಿಯ ಬದುಕನ್ನು ಆಳೆತ್ತರದ ಶಿಲ್ಪಗಳಲ್ಲಿ ಅಲ್ಲಿ ಕಟ್ಟಿ ನಿಲ್ಲಿಸಲಾಗಿದೆ. ಇನ್ನೊಂದು, 2011ರಲ್ಲಿ ಸ್ಥಾಪನೆಯಾದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯ. ಶಾಲೆಯ ಮಕ್ಕಳು ಬಸ್ಸು ಮಾಡಿಕೊಂಡು ಬಂದು ಶಿಲ್ಪದ ರೈತ, ಶಿಲ್ಪದ ಎತ್ತುಗಳನ್ನು ಕಣ್ಣರಳಿಸಿ ನೋಡುತ್ತಾರೆ. ಹಾಗೆ ನೋಡುವುದು ಬೇಕು. ಅದೇ ಬಸ್ಸಿನ ಕಿಟಕಿಯಿಂದ ಉಸಿರಾಡುವ ಹಿಂಡನ್ನು ನೋಡುವುದೂ ಬೇಕು. ಶಿಲ್ಪಕ್ಕೆ ಚೀಟಿ ಕೊಂಡು ಒಳಹೋಗುವ ನಾವು, ರಸ್ತೆಯಲ್ಲಿ ಅಡ್ಡಬಂದ ನಿಜದ ಹಿಂಡಿಗೆ ಹಾರ್ನು ಒತ್ತಿ ಬೈಯುತ್ತೇವೆ.

ಪಡುವಣ ದಾರಿ: ಎಮ್ಮೆ

ಮೂರನೆಯದು ಕಲಘಟಗಿಯ ದಾರಿ. ಹುಬ್ಬಳ್ಳಿಯಿಂದ ಸುಮಾರು 30 ಕಿಲೋಮೀಟರ್ ಹೋಗುವಷ್ಟರಲ್ಲಿ ಕರಿಮಣ್ಣು ಹಿಂದೆ ಬಿದ್ದು ಕೆಂಪು ನೆಲ, ತೇಗದ ಕಾಡು ಶುರುವಾಗುತ್ತದೆ. ಕಲಘಟಗಿಯಿಂದ ಮುಂಡಗೋಡ, ಯಲ್ಲಾಪುರ, ಹಳಿಯಾಳದ ಕಾಡಂಚಿನ ತನಕ ದನಗರ ಗೌಳಿಗಳ ದಡ್ಡಿಗಳು ಹರಡಿವೆ. ಇವರು ಮಹಾರಾಷ್ಟ್ರದ ಸಹ್ಯಾದ್ರಿಯ ಕಡೆಯಿಂದ ತಲೆಮಾರುಗಳ ಹಿಂದೆ ಎಮ್ಮೆಗಳ ಜೊತೆ ಇಳಿದು ಬಂದವರು. ಮನೆಯೊಳಗೆ ಮರಾಠಿಯ ಒಂದು ಬಗೆ, ಸಂತೆಯಲ್ಲಿ ಕನ್ನಡ. ಹೆಂಗಸರ ಕಚ್ಚೆಸೀರೆ, ಕೊರಳ ತುಂಬ ಮಣಿಸರ ಕಂಡರೆ ಅವರು ಗೌಳಿಗಳೆಂದು ದೂರದಿಂದಲೇ ಗೊತ್ತಾಗುತ್ತದೆ. ದಸರೆ ಅವರಿಗೆ ದೊಡ್ಡ ಹಬ್ಬ. ಗಂಡಸರು ಬಿಳಿಯ ನಿಲುವಂಗಿ ತೊಟ್ಟು ವಾದ್ಯದ ತಾಳಕ್ಕೆ ಸುತ್ತುಗಟ್ಟಿ ಕುಣಿಯುತ್ತಾರೆ.

ಇವರ ಬದುಕನ್ನು ವಿಜ್ಞಾನಿಗಳಾದ ಮಾಧವ ಗಾಡ್ಗೀಳ ಮತ್ತು ಕೈಲಾಸ ಮಲ್ಹೋತ್ರ 1980ರ ದಶಕದ ಆರಂಭದಲ್ಲೇ ಅಧ್ಯಯನ ಮಾಡಿ ಬರೆದರು. ಬೆಣ್ಣೆ, ತುಪ್ಪ ಕೊಟ್ಟು ಕಾಳು ಪಡೆದು, ಕಾಡಿನ ಮೇವಿನ ಮೇಲೆ ನಿಂತ ಬದುಕು ಕಾಡು ಬದಲಾದಂತೆ ಹೇಗೆ ಬದಲಾಗುತ್ತದೆ ಎಂಬುದು ಅವರ ಆಸಕ್ತಿಯಾಗಿತ್ತು. ಆಮೇಲೆ ಆದದ್ದು ಅದೇ. ಅಣೆಕಟ್ಟು, ನೆಡುತೋಪು, ಅರಣ್ಯದ ಕಟ್ಟುಪಾಡುಗಳ ನಡುವೆ ಮೇವಿನ ನೆಲ ಕುಗ್ಗಿತು. ಅನೇಕರು ಎಮ್ಮೆ ಕಡಿಮೆ ಮಾಡಿ ಕೂಲಿಗೆ ಪಟ್ಟಣ ಸೇರಿದರು. ಪರಿಶಿಷ್ಟ ಪಂಗಡಕ್ಕೆ ತಮ್ಮನ್ನು ಸೇರಿಸಬೇಕೆಂದು ದನಗರ ಗೌಳಿಗಳು ಬಹುಕಾಲದಿಂದ ಕೇಳುತ್ತ ಬಂದಿದ್ದಾರೆ.

ಆದರೆ ಈ ದಾರಿಯಲ್ಲಿ ಒಂದು ಒಳ್ಳೆಯ ಸುದ್ದಿಯೂ ಇದೆ. ನಮ್ಮ ಗೌಳಿಗಳು, ರೈತರು ತಲೆಮಾರುಗಳಿಂದ ಸಾಕುತ್ತ ಬಂದ, ಕುಡುಗೋಲಿನಂತೆ ಬಾಗಿದ ಕೋಡಿನ ಎಮ್ಮೆಗೆ ಬಹಳ ಕಾಲ ಸ್ವಂತ ಹೆಸರೇ ಇರಲಿಲ್ಲ. ಧಾರವಾಡದ ಕೃಷಿ ವಿಶ್ವವಿದ್ಯಾಲಯದವರು ವರ್ಷಗಟ್ಟಲೆ ಅಳತೆ, ಅಧ್ಯಯನ ನಡೆಸಿದ ಮೇಲೆ 2021ರಲ್ಲಿ ‘ಧಾರವಾಡಿ’ ಎಂಬ ಹೆಸರಿನಲ್ಲಿ ಅದು ದೇಶದ ಮಾನ್ಯತೆ ಪಡೆದ ಎಮ್ಮೆ ತಳಿಗಳ ಸಾಲಿಗೆ ಸೇರಿತು. ಧಾರವಾಡ ಪೇಢೆಯ ರುಚಿಯನ್ನು ಹೊಗಳುವಾಗ ಉನ್ನಾವದಿಂದ ಬಂದ ಠಾಕೂರ ಮನೆತನವನ್ನು ನೆನೆಯುತ್ತೇವೆ, ಸರಿಯೇ. ಆ ಪೇಢೆಗೆ ಖವೆ ಕೊಟ್ಟ ಎಮ್ಮೆಯನ್ನೂ ಎಮ್ಮೆ ಕಾಯ್ದವರನ್ನೂ ನೆನೆಯಬೇಕು.

ಎಮ್ಮೆಯ ಹಬ್ಬ ನೋಡಬೇಕೆಂದರೆ ಕಾಡಿಗೇ ಹೋಗಬೇಕಾಗಿಲ್ಲ. ಹುಬ್ಬಳ್ಳಿಯ ಗೌಳಿ ಗಲ್ಲಿಯಲ್ಲಿ ದೀಪಾವಳಿಯ ಪಾಡ್ಯದಂದು ಎಮ್ಮೆಗಳ ಮೈತೊಳೆದು, ಕೋಡಿಗೆ ಬಣ್ಣ ಬಳಿದು, ಕವಡೆಸರ, ನವಿಲುಗರಿ ಕಟ್ಟಿ ಬೀದಿಯಲ್ಲಿ ಓಡಿಸುತ್ತಾರೆ. ಅದೇ ದಿನ ನಮ್ಮ ಮನೆಗಳ ಹೊಸ್ತಿಲಲ್ಲಿ ಸಗಣಿಯ ಪಾಂಡವರು ಕೂತಿರುತ್ತಾರೆ. ಸಿಮೆಂಟಿನ ಊರಿನಲ್ಲೂ ಒಂದು ದಿನದ ಮಟ್ಟಿಗೆ ಹಟ್ಟಿ ಮರಳಿ ಬರುತ್ತದೆ.

ಇದೇ ದಾರಿಯ ಮುಂಡಗೋಡದ ಹತ್ತಿರ 1966ರಿಂದ ಟಿಬೆಟನ್ನರ ನೆಲೆ ಇದೆ. ಉಣ್ಣೆ, ಬೆಣ್ಣೆಯ ಚಹಾ, ಎತ್ತರದ ಹುಲ್ಲುಗಾವಲಿನ ನೆನಪುಗಳೊಡನೆ ಬಂದ ಆ ಜನ ಈಗ ಮೆಕ್ಕೆಜೋಳ ಬೆಳೆಯುತ್ತಾರೆ. ಅವರ ಮೂರನೆಯ ತಲೆಮಾರು ಕನ್ನಡದಲ್ಲಿ ಚೌಕಾಸಿ ಮಾಡುತ್ತದೆ. ಅಲೆದು ಬಂದವರಿಗೆ ಜಾಗ ಕೊಡುವುದು ಈ ಸೀಮೆಗೆ ಹೊಸದಲ್ಲ.

ಕುರಿ ಕಾಯಲು ಹೋಗು!

ಇಷ್ಟೆಲ್ಲ ಸುತ್ತಿದ ಮೇಲೆ ಒಂದು ಬೈಗುಳದ ಮಾತಿಗೆ ಬರೋಣ. ಲೆಕ್ಕ ತಪ್ಪಿದ ಹುಡುಗನಿಗೆ ಮನೆಯಲ್ಲೂ ಶಾಲೆಯಲ್ಲೂ ನಾವು ಆಡುವ ಮಾತು ಒಂದೇ: ಓದು ತಲೆಗೆ ಹತ್ತದಿದ್ದರೆ ಕುರಿ ಕಾಯಲು ಹೋಗು. ಕರ್ನಾಟಕ ಕಾಲೇಜು, ವಿಶ್ವವಿದ್ಯಾಲಯ, ಹೆಜ್ಜೆಹೆಜ್ಜೆಗೂ ಕೋಚಿಂಗ್ ಕ್ಲಾಸು ಇರುವ ಧಾರವಾಡದಂಥ ವಿದ್ಯೆಯ ಊರಿನಲ್ಲಿ ಈ ಮಾತು ಇನ್ನೂ ಜೋರಾಗಿಯೇ ಕೇಳುತ್ತದೆ. ಹೇಳುವವರಿಗೆ ಅದು ಬರೀ ಗಾದೆ. ಆದರೆ ಅದೇ ತರಗತಿಯ ಕೊನೆಯ ಬೆಂಚಿನಲ್ಲಿ ನಿಜವಾಗಿಯೂ ಕುರಿ ಕಾಯುವವರ ಮನೆಯ ಮಗುವೊಂದು ಕೂತಿರಬಹುದು. ತನ್ನ ಅಪ್ಪನ ಕಸಬು ದಡ್ಡತನಕ್ಕೆ ಕೊಡುವ ಶಿಕ್ಷೆ ಎಂದು ಅದು ಆವತ್ತು ಕಲಿಯುತ್ತದೆ. ಯಾವ ಪಠ್ಯದಲ್ಲೂ ಇಲ್ಲದ ಈ ಪಾಠ ಎಲ್ಲಕ್ಕಿಂತ ಬೇಗ ತಲೆಗೆ ಹತ್ತುತ್ತದೆ.

ಕುರಿ ಕಾಯುವುದು ದಡ್ಡರ ಕೆಲಸವೇ? ಮುನ್ನೂರು ಕುರಿಗಳಲ್ಲಿ ಒಂದು ಇಲ್ಲವೆಂದು ಎಣಿಸದೆಯೇ ಹೇಳುವುದು, ತಾಯಿ ಸತ್ತ ಮರಿಯನ್ನು ಇನ್ನೊಂದು ಕುರಿ ಒಪ್ಪಿಕೊಳ್ಳುವಂತೆ ಮಾಡುವುದು, ಯಾವ ಚಿಗುರು ತಿಂದರೆ ಹೊಟ್ಟೆ ಉಬ್ಬುತ್ತದೆ, ಯಾವ ಸೊಪ್ಪಿನಿಂದ ಇಳಿಯುತ್ತದೆಂದು ತಿಳಿದಿರುವುದು, ಗಾಳಿಯ ವಾಸನೆಯಿಂದ ಮಳೆಯನ್ನು ಊಹಿಸುವುದು, ಹತ್ತೂರಿನ ಜನರೊಡನೆ ಜಗಳವಾಗದಂತೆ ವ್ಯವಹರಿಸುವುದು ಎಲ್ಲ ವಿದ್ಯೆಯೇ. ಅದಕ್ಕೆ ಅಂಕಪಟ್ಟಿ ಇಲ್ಲ, ಅಷ್ಟೆ.

ಹಾಗೆಂದು ಕುರಿಗಾರನ ಮಗ ಕುರಿಯನ್ನೇ ಕಾಯಲಿ ಎಂದು ಹೇಳುವುದು ನ್ಯಾಯವಲ್ಲ. ಹಾಗೆ ಬಯಸುವ ಕುರಿಗಾರರೂ ವಿರಳ. ಬಿಸಿಲು, ಕಳ್ಳರು, ರೋಗ, ಹೆದ್ದಾರಿ ಎಲ್ಲವನ್ನೂ ಕಂಡವನು ಮಗನಾದರೂ ನೆರಳಲ್ಲಿ ಕೂತು ದುಡಿಯಲಿ ಎಂದೇ ಬಯಸುತ್ತಾನೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಆ ಮಗುವಿಗೂ ಅನ್ವಯಿಸುತ್ತದೆ. ಮಗಳಿಗೂ ಅನ್ವಯಿಸುತ್ತದೆ, ಇದನ್ನು ಒತ್ತಿ ಹೇಳಬೇಕು. ಬಿಡಾರದಲ್ಲಿ ತಮ್ಮಂದಿರನ್ನು ನೋಡಿಕೊಳ್ಳುವ ಹೊಣೆ ಮೊದಲು ಬೀಳುವುದು ಅವಳ ಮೇಲೆ. ಹೀಗಾಗಿ ಅನೇಕ ಮನೆಗಳಲ್ಲಿ ಸಂಸಾರ ಎರಡಾಗಿದೆ. ಅಜ್ಜ ಅಜ್ಜಿಯ ಹತ್ತಿರ ಊರಲ್ಲಿ, ಇಲ್ಲವೆ ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚನ್ನಮ್ಮ ವಸತಿ ಶಾಲೆಗಳಲ್ಲಿ ಮಕ್ಕಳು, ಹಿಂಡಿನ ಹಿಂದೆ ತಂದೆ ತಾಯಿ. ಯುಗಾದಿಗೋ ದೀಪಾವಳಿಗೋ ಎಲ್ಲರೂ ಸೇರುವುದು. ಸೋವಿಯತ್ ಕಾಲದ ಕಜಾಕ್ ಕುರಿಗಾರರ ಮಕ್ಕಳೂ ಹೀಗೆಯೇ ವಸತಿ ಶಾಲೆಗಳಲ್ಲಿ ಬೆಳೆದರು. ಅಕ್ಷರ ಬಂತು, ಕೆಲಸ ಬಂತು. ಅಜ್ಜನ ಲಿಪಿ, ಅಜ್ಜಿಯ ಪದ ಮಾತ್ರ ದೂರವಾದವು. ಮುಂದೆ ಅವನ್ನು ಮರಳಿ ಪಡೆಯಲು ಅವರು ಹಬ್ಬಗಳನ್ನು, ಸ್ಪರ್ಧೆಗಳನ್ನು, ಶಾಲೆಯ ಪಾಠಗಳನ್ನು ಹೊಸದಾಗಿ ಕಟ್ಟಬೇಕಾಯಿತು.

ನಮಗೆ ಅಷ್ಟು ದೂರ ಹೋಗಿ ಮರಳಿ ಬರುವ ಕಷ್ಟ ಬೇಕಾಗಿಲ್ಲ. ನಮ್ಮಲ್ಲಿ ಯಾವ ಸರಕಾರವೂ ಹಿಂಡನ್ನು ಕಸಿದುಕೊಂಡಿಲ್ಲ, ಡೊಳ್ಳಿನ ಪದ ನಿಷೇಧವಾಗಿಲ್ಲ, ಲಿಪಿ ಬದಲಾಗಿಲ್ಲ. ಆಗಬೇಕಾದದ್ದು ಚಿಕ್ಕ ಚಿಕ್ಕ ಕೆಲಸ. ಶಾಲೆಯ ಪ್ರಾಜೆಕ್ಟಿಗೆ ಅಂತರ್ಜಾಲದ ಚಿತ್ರ ಅಂಟಿಸುವ ಬದಲು ಮಕ್ಕಳು ಒಂದು ಬಿಡಾರಕ್ಕೆ ಹೋಗಿ, ಅನುಮತಿ ಕೇಳಿ, ಅವರ ಒಂದು ವರ್ಷದ ದಾರಿಯನ್ನು ನಕ್ಷೆಯಲ್ಲಿ ಗುರುತಿಸಬಹುದು. ಕುರಿಗಾರರ ಮನೆಯ ಮಗು ತರಗತಿಯಲ್ಲಿದ್ದರೆ ಅಂದು ಮೇಷ್ಟ್ರಾಗುವುದು ಆ ಮಗು. ಹೆಳವರು ಬಂದರೆ ಹತ್ತು ನಿಮಿಷ ನಿಂತು ಕೇಳಿ, ಹೆಸರುಗಳನ್ನು ನೋಟುಪುಸ್ತಕದಲ್ಲಿ ಬರೆದುಕೊಳ್ಳಬಹುದು. ಮನೆಗೊಂದು ಕಂಬಳಿ ಕೊಂಡರೆ ಒಂದು ಮಗ್ಗ ಕೆಲವು ದಿನ ನಡೆಯುತ್ತದೆ. ಚಳ್ಳಕೆರೆಯ ಕಂಬಳಿಗಳು ಹೆಸರಾದವು. ನಮ್ಮ ಕಡೆಯ ಜಾತ್ರೆ, ಸಂತೆಗಳಲ್ಲೂ ಇನ್ನೂ ಸಿಗುತ್ತವೆ. ಮತ್ತೆ ಆ ಬೈಗುಳವನ್ನು ಬಿಡುವುದಕ್ಕಂತೂ ಕಾಸೂ ಖರ್ಚಿಲ್ಲ.

ವಿಶ್ವಸಂಸ್ಥೆ 2026ನ್ನು ಹುಲ್ಲುಗಾವಲು ಮತ್ತು ಪಶುಪಾಲಕರ ಅಂತರರಾಷ್ಟ್ರೀಯ ವರ್ಷವೆಂದು ಘೋಷಿಸಿದೆ. ಅದಕ್ಕಾಗಿ ದೊಡ್ಡ ಊರುಗಳಲ್ಲಿ ಸಭೆಗಳು ನಡೆಯುತ್ತವೆ. ನಾವು ಮಾಡಬಹುದಾದದ್ದು ಹೊರಡುವುದು.

ಹಿಂಡು ನೋಡಬೇಕೆಂದರೆ ಜನವರಿಯಿಂದ ಮಾರ್ಚ್ ತನಕ ಹುಬ್ಬಳ್ಳಿಯಿಂದ ನವಲಗುಂದ, ಅಣ್ಣಿಗೇರಿ ರಸ್ತೆ ಒಳ್ಳೆಯದು. ಬೆಳಿಗ್ಗೆ ಎಂಟರೊಳಗೆ ಹೋದರೆ ಹಿಂಡು ಬಿಡಾರ ಬಿಟ್ಟಿರುವುದಿಲ್ಲ. ಬಾಡ, ಕಾಗಿನೆಲೆ, ಗೊಟಗೋಡಿಗಳನ್ನು ಒಂದು ರವಿವಾರದಲ್ಲಿ ಮುಗಿಸಬಹುದು. ಮೈಲಾರದ ಕಾರಣಿಕ ಭರತ ಹುಣ್ಣಿಮೆಯ ಹೊತ್ತಿಗೆ, ದೇವರಗುಡ್ಡದ್ದು ದಸರೆಯಲ್ಲಿ, ಗೌಳಿ ಗಲ್ಲಿಯ ಎಮ್ಮೆ ಓಟ ದೀಪಾವಳಿಯ ಪಾಡ್ಯಕ್ಕೆ. ಬಿಡಾರಕ್ಕೆ ಹೋದರೆ ನಾಯಿಗಳಿರುತ್ತವೆ, ದೂರದಿಂದಲೇ ಕೂಗಿ ಹೇಳಿ ಹೋಗಿ. ಕೈಯಲ್ಲಿ ನಾಲ್ಕು ಜೋಳದ ರೊಟ್ಟಿ, ಸ್ವಲ್ಪ ಚಹಾಪುಡಿ ಇರಲಿ. ಹಾಲು ಅವರ ಹತ್ತಿರ ಇರುತ್ತದೆ.